ಕರಿ ಬಟ್ಟೆಯ ಕಡತದಿಂದ ಡೌನ್‌ಲೋಡ್ಸ್ ಫೋಲ್ಡರ್‌ವರೆಗೆ

ನಿಮ್ಮ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರನ್ನು ಒಂದು ಸಲ ತೆಗೆದು ನೋಡಿ. ‘ರೆಸ್ಯೂಮೆ ಫೈನಲ್’, ‘ರೆಸ್ಯೂಮೆ ಫೈನಲ್ 2’, ‘ರೆಸ್ಯೂಮೆ ಇದೇ ಫೈನಲ್’. ಒಂದೇ ಕರೆಂಟ್ ಬಿಲ್ಲಿನ ಮೂರು ಕಾಪಿ. ಯಾರದೋ ಮದುವೆಯ ಆಮಂತ್ರಣ ಪತ್ರಿಕೆ. ಆ ದಂಪತಿಯ ಮಗು ಈಗ ಯುಕೆಜಿಯಲ್ಲಿ ಓದ್ತಿರುತ್ತೆ. ಮನೆಯ ಅಟ್ಟ ನೋಡಿದರೂ ಕಥೆ ಅದೇ. ಟಿವಿ ಬಂದ ಡಬ್ಬ, ಟಿವಿ ಹೋದ ಮೇಲೂ ಭದ್ರವಾಗಿದೆ.

ಇದನ್ನೆಲ್ಲ ಅಚ್ಚುಕಟ್ಟು ಮಾಡೋದು ಹೇಗೆ ಅಂತ ಹೇಳುವ ಪುಸ್ತಕ, ವಿಡಿಯೋ ಬೇಕಾದಷ್ಟಿವೆ. ಎಲ್ಲರೂ ಕೊನೆಗೆ ಬೆರಳು ತೋರಿಸೋದು ನಮ್ಮ ಸೋಮಾರಿತನದ ಕಡೆಗೆ. ನನಗೆ ಅದು ಪೂರ್ತಿ ನಿಜ ಅನ್ನಿಸಲ್ಲ. ನಮ್ಮ ಹಿಂದಿನವರು ನಮಗಿಂತ ಶಿಸ್ತಿನ ಜನ ಅಂತ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲ. ಆದರೆ ಅವರ ಹತ್ತಿರ ಇಲ್ಲದ ಒಂದು ವಸ್ತು ನಮ್ಮ ಹತ್ತಿರ ಇದೆ: ಅಗ್ಗದ ಜಾಗ. ಅದು ಹೇಗೆ ಬಂತು, ಬಂದು ನಮ್ಮನ್ನು ಏನು ಮಾಡಿತು ಅನ್ನೋದು ಒಂದು ಸ್ವಾರಸ್ಯಕರ ಚರಿತ್ರೆ. ಅದನ್ನು ನಮ್ಮದೇ ಪದ ‘ಕಡತ’ದಿಂದ ಶುರು ಮಾಡೋಣ.

ಇವತ್ತು ಕಡತ ಅಂದರೆ ಸರ್ಕಾರಿ ಫೈಲು. ‘ಕಡತ ಸಾಹೇಬರ ಮೇಜಿನ ಮೇಲಿದೆ’ ಅನ್ನೋ ಮಾತು ಕೇಳದವರು ಯಾರಿದ್ದಾರೆ? ಆದರೆ ಮೂಲದಲ್ಲಿ ಕಡತ ಅಂದರೆ ಬಟ್ಟೆ. ಸುಮಾರು ಒಂದಡಿ ಅಗಲದ, ಹತ್ತು ಹದಿನೈದು ಅಡಿ ಉದ್ದದ ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಕಲಸಿ ಬಳಿದು ಒಣಗಿಸುತ್ತಿದ್ದರು. ಒಣಗಿದ ಮೇಲೆ ಅದು ಸ್ಲೇಟಿನ ಹಾಗೆ ಕರ್ರಗೆ, ಗಟ್ಟಿಯಾಗಿ ಆಗುತ್ತಿತ್ತು. ಅದನ್ನು ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿ, ಎರಡೂ ತುದಿಗೆ ಮರದ ಹಲಗೆ ಕೊಟ್ಟರೆ ಪುಸ್ತಕ ರೆಡಿ. ಬರೆಯೋದು ಬಿಳಿ ಬಳಪದಲ್ಲಿ. ಶಾನುಭೋಗರು, ವ್ಯಾಪಾರಿಗಳು, ಮಠಗಳು ಲೆಕ್ಕಪತ್ರ ಇಡುತ್ತಿದ್ದದ್ದು ಇದರಲ್ಲೇ. 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಈ ಕಡತದ ವರ್ಣನೆ ಮಾಡಿದ್ದಾನೆ. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳು ಉಳಿದಿವೆ; ಇತಿಹಾಸಕಾರರು ಅವನ್ನು ಓದಿ ಪ್ರಕಟಿಸಿಯೂ ಇದ್ದಾರೆ.

ಈ ಕಡತಕ್ಕೆ ಎರಡು ಗುಣ. ಜೋಪಾನವಾಗಿ ಇಟ್ಟರೆ ನೂರಾರು ವರ್ಷ ಬಾಳುತ್ತೆ. ಬೇಡ ಅಂದರೆ ಒರೆಸಿ ಮತ್ತೆ ಬರೆಯಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ರೀಡ್-ರೈಟ್ ಮೆಮೊರಿ. ಆದರೆ ಅಳತೆ ನಿಗದಿ. ಮಡಿಕೆ ಮುಗಿದ ಮೇಲೆ ಬರೆಯುವವನ ಮುಂದೆ ಎರಡೇ ದಾರಿ: ಹೊಸ ಬಟ್ಟೆ ತರಿಸಿ ಅಂಟು ಕಾಯಿಸಬೇಕು, ಇಲ್ಲ ಹಳೆಯದರಲ್ಲಿ ಏನು ಹೋಗಬೇಕು ಅಂತ ತೀರ್ಮಾನ ಮಾಡಬೇಕು. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದವನು ಒಂದು ಕ್ಷಣ ಯೋಚನೆ ಮಾಡಲೇಬೇಕಿತ್ತು: ಈ ಸಾಲು ನಾಳೆ ಯಾರಿಗಾದರೂ ಬೇಕಾಗುತ್ತಾ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಇನ್ನೂರು ವರ್ಷದ ಚರಿತ್ರೆ ಅಂದರೆ ಈ ಪ್ರಶ್ನೆಯನ್ನು ಸ್ವಲ್ಪ ಸ್ವಲ್ಪವಾಗಿ ಮುಂದೂಡಿದ ಚರಿತ್ರೆ.

ವಿಂಗಡಿಸಿ ಇಡೋದು ನಮಗೆ ಗೊತ್ತಿರಲಿಲ್ಲ ಅಂತಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಅದೇ ‘ಅಠಾರ ಕಚೇರಿ’. ಅಠಾರ ಅಂದರೆ ಹದಿನೆಂಟು. ಯಾವ ವಿಷಯ ಯಾವ ಚಾವಡಿಗೆ ಸೇರಿದ್ದು ಅನ್ನೋದು ಮೊದಲೇ ಗೊತ್ತಿದ್ದರೆ ಅರ್ಧ ಹುಡುಕಾಟ ಮುಗಿದಂತೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿರುವ, ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡಕ್ಕೆ ‘ಅಠಾರ ಕಚೇರಿ’ ಅನ್ನೋ ಹೆಸರು ಉಳಿದದ್ದು ಇದೇ ಹದಿನೆಂಟರಿಂದ. 1868ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟಡದಲ್ಲಿ ಹದಿನೆಂಟು ಇಲಾಖೆಗಳಿದ್ದವು.

ಕಡತದ ಜಾಗಕ್ಕೆ ಮೆಲ್ಲಗೆ ಕಾಗದ ಬಂತು, ಕಾಗದದ ಜೊತೆ ‘ಫೈಲ್’ ಅನ್ನೋ ಪದ ಬಂತು. ಇದರ ಮೂಲವೂ ಮಜವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ‘ಫೀಲುಮ್’ ಅಂದರೆ ದಾರ. ಯುರೋಪಿನ ಕಚೇರಿಗಳಲ್ಲಿ ಕಾಗದಕ್ಕೆ ತೂತು ಹೊಡೆದು ದಾರಕ್ಕೋ ತಂತಿಗೋ ಪೋಣಿಸಿ ಇಡುತ್ತಿದ್ದರು. ಆ ದಾರವೇ ಫೈಲು. ನಮ್ಮ ಊರ ಕಿರಾಣಿ ಅಂಗಡಿಯಲ್ಲಿ ಚೀಟಿಗಳನ್ನು ಚುಚ್ಚಿ ನೇತುಹಾಕುವ ಕೊಕ್ಕೆ ತಂತಿ ನೋಡಿದ್ದೀರಲ್ಲ, ಅದೇ ನಿಜವಾದ ಫೈಲು. ಕೆಲಸ ಮುಗಿದ ಕಾಗದಗಳನ್ನು ಕಟ್ಟಿಡುವ ಕೆಂಪು ಪಟ್ಟಿಯಿಂದ ‘ರೆಡ್ ಟೇಪ್’ ಅನ್ನೋ ಬೈಗುಳವೂ ಹುಟ್ಟಿತು.

ದಾರದ ಫೈಲಿನಲ್ಲಿ ಒಂದು ತೊಂದರೆ. ನಡುವಿನ ಕಾಗದ ಬೇಕಾದರೆ ಮೇಲಿನದ್ದೆಲ್ಲ ತೆಗೀಬೇಕು. ಹಾಗಾಗಿ 19ನೇ ಶತಮಾನದ ಕಚೇರಿಗಳಲ್ಲಿ ಪತ್ರಗಳನ್ನು ಮಡಚಿ, ಹೊರಗಡೆ ಯಾರದು, ಯಾವ ತಾರೀಕು, ಏನು ವಿಷಯ ಅಂತ ಬರೆದು, ಪಾರಿವಾಳದ ಗೂಡಿನಂಥ ಖಾನೆಗಳಲ್ಲಿ ಇಡುತ್ತಿದ್ದರು. ಕಳಿಸಿದ ಪತ್ರದ ಪ್ರತಿ ಇಟ್ಟುಕೊಳ್ಳೋಕೆ ಉಗಿಯಂತ್ರದ ಖ್ಯಾತಿಯ ಜೇಮ್ಸ್ ವ್ಯಾಟ್ 1780ರಲ್ಲೇ ಒಂದು ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಮೂಲ ಪತ್ರದ ಮೇಲೆ ಒದ್ದೆ ಮಾಡಿದ ತೆಳು ಕಾಗದ ಇಟ್ಟು ಒತ್ತಿದರೆ ಶಾಯಿ ಅದಕ್ಕೂ ಅಂಟುತ್ತಿತ್ತು.

1874ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನ ವಿಲಿಯಂ ವೂಟನ್ ಈ ಖಾನೆಗಳ ಪದ್ಧತಿಯನ್ನು ಅದರ ತುದಿಗೇ ಒಯ್ದ. ಅವನು ಪೇಟೆಂಟ್ ಪಡೆದ ಮೇಜು ಬೀರುವಿನ ಹಾಗೆ ಎರಡು ಬಾಗಿಲು ತೆರೆಯುತ್ತಿತ್ತು. ಒಳಗೆ ನೂರಕ್ಕೂ ಹೆಚ್ಚು ಖಾನೆಗಳು. ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಹತ್ತಿರವೂ ಒಂದು ಇತ್ತು. ಬೀಗ ಹಾಕಿದರೆ ಇಡೀ ಆಫೀಸು ಒಬ್ಬನ ಜೇಬಿನಲ್ಲಿ. ಯಾವ ಖಾನೆಯಲ್ಲಿ ಏನಿದೆ ಅನ್ನೋದು ಮಾತ್ರ ಯಜಮಾನನ ತಲೆಯಲ್ಲಿ. ಅವನು ಊರಲ್ಲಿಲ್ಲ ಅಂದರೆ ಮುಗೀತು. ವ್ಯಾಪಾರ ದೊಡ್ಡದಾಗಿ, ಟೈಪ್‌ರೈಟರ್ ಬಂದು, ಕಾರ್ಬನ್ ಕಾಗದ ಬಂದು, ಕಾಗದ ನೂರು ಪಟ್ಟು ಹೆಚ್ಚಿದಾಗ ಈ ಸೊಗಸಾದ ಮೇಜು ಕೆಲಸಕ್ಕೆ ಬಾರದ್ದಾಯಿತು.

ಪರಿಹಾರ ಬಂದದ್ದು ಗ್ರಂಥಾಲಯದವರಿಂದ. ದಶಮಾಂಶ ವರ್ಗೀಕರಣದ ಮೆಲ್ವಿಲ್ ಡ್ಯೂಯಿ ಶುರು ಮಾಡಿದ್ದ ‘ಲೈಬ್ರರಿ ಬ್ಯೂರೋ’ ಸಂಸ್ಥೆ, ಗ್ರಂಥಾಲಯದ ಕಾರ್ಡುಗಳನ್ನು ಡ್ರಾಯರಿನಲ್ಲಿ ನಿಲ್ಲಿಸುವ ಉಪಾಯವನ್ನೇ ಆಫೀಸಿನ ಕಾಗದಕ್ಕೂ ತಂದಿತು. ಮಲಗಿಸೋದು ಬೇಡ, ಮಡಚೋದೂ ಬೇಡ. ಒಂದು ವಿಷಯದ ಕಾಗದಗಳನ್ನು ಒಂದು ರಟ್ಟಿನ ಫೋಲ್ಡರಿಗೆ ಹಾಕಿ ನೆಟ್ಟಗೆ ನಿಲ್ಲಿಸಿ, ಮೇಲೆ ಹೆಸರು ಬರೆಯಿರಿ. 1893ರ ಶಿಕಾಗೋ ವಿಶ್ವ ಮೇಳದಲ್ಲಿ ಈ ಲಂಬ ಫೈಲಿಗೆ ಚಿನ್ನದ ಪದಕ ಬಂತು. ಹೌದು, ಅದೇ ಮೇಳ, ಅದರ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ಸ್ವಾಮಿ ವಿವೇಕಾನಂದರು ಮಾತಾಡಿದ್ದು. ನಮ್ಮ ಪಠ್ಯಪುಸ್ತಕದಲ್ಲಿ ಭಾಷಣ ಉಳಿಯಿತು, ನಮ್ಮ ಕಂಪ್ಯೂಟರಿನ ಪರದೆಯ ಮೇಲೆ ಆ ಹಳದಿ ಫೋಲ್ಡರ್ ಉಳಿಯಿತು.

ಈ ಫೋಲ್ಡರಿನ ದೊಡ್ಡ ಗುಣ ಅಂದರೆ, ಇಟ್ಟವನೇ ತೆಗೀಬೇಕು ಅಂತಿಲ್ಲ. ಹೊಸದಾಗಿ ಸೇರಿದ ಗುಮಾಸ್ತನೂ ಹೆಸರು ನೋಡಿ ಹುಡುಕಬಹುದು. ಆದರೆ ಜೊತೆಗೇ ಒಂದು ರೋಗವೂ ಬಂತು. ಡ್ರಾಯರ್ ತುಂಬಿದರೆ ಇನ್ನೊಂದು ಕಪಾಟು, ಕಪಾಟು ತುಂಬಿದರೆ ಇನ್ನೊಂದು ಕೋಣೆ. ಒರೆಸುವ ಮಾತೇ ಇಲ್ಲ. ನಮ್ಮ ದೇಶದಲ್ಲಿ ಇದಕ್ಕೊಂದು ಕಾನೂನೇ ಬೇಕಾಯಿತು: 1917ರ ದಾಖಲೆ ನಾಶ ಕಾಯ್ದೆ. ಯಾವ ಕಾಗದವನ್ನು ಯಾರು, ಯಾವಾಗ ನಾಶ ಮಾಡಬಹುದು ಅಂತ ನಿಯಮ ಮಾಡೋಕೆ ಒಂದು ಕಾಯ್ದೆ! ನಗಬೇಡಿ. ‘ಎಸೆಯೋದು’ ಕೂಡ ಒಂದು ಜವಾಬ್ದಾರಿಯ ಕೆಲಸ, ಅದನ್ನು ಯಾರಾದರೂ ಹೆಸರು ಹಾಕಿ ಮಾಡಬೇಕು ಅನ್ನೋ ತಿಳಿವಳಿಕೆ ಅದರಲ್ಲಿದೆ. ಸರ್ಕಾರಿ ಕಚೇರಿಗಳಲ್ಲಿ ಮುಗಿದ ಕಡತಗಳನ್ನು ಎ, ಬಿ, ಸಿ, ಡಿ ಅಂತ ವರ್ಗ ಮಾಡಿ, ಶಾಶ್ವತವಾಗಿ ಇಡಬೇಕಾದ್ದು ಯಾವುದು, ಇಂತಿಷ್ಟು ವರ್ಷ ಆದ ಮೇಲೆ ಹೋಗಬೇಕಾದ್ದು ಯಾವುದು ಅಂತ ಮೊದಲೇ ಬರೆದಿಡುವ ಪದ್ಧತಿ ಇರೋದೂ ಇದಕ್ಕೇ. ಪಾಲಿಸೋದು ಎಷ್ಟು ಅನ್ನೋದು ಬೇರೆ ಮಾತು.

ಈಗ 1956ಕ್ಕೆ ಬನ್ನಿ. ಬೆಂಗಳೂರಿನಲ್ಲಿ ವಿಧಾನಸೌಧ ಕಟ್ಟಿ ಮುಗಿದ ವರ್ಷ ಅದು. ಅಠಾರ ಕಚೇರಿಯ ಇಲಾಖೆಗಳು ರಸ್ತೆ ದಾಟಿ ಎದುರಿನ ದೊಡ್ಡ ಕಟ್ಟಡಕ್ಕೆ ಬಂದವು. ಅದೇ ವರ್ಷ ಅಮೆರಿಕದಲ್ಲಿ ಐಬಿಎಂ ಕಂಪನಿ ಮೊದಲ ಹಾರ್ಡ್ ಡಿಸ್ಕ್ ಇದ್ದ ಕಂಪ್ಯೂಟರನ್ನು ಹೊರತಂದಿತು. ತಲಾ ಎರಡಡಿ ಅಗಲದ 50 ತಟ್ಟೆಗಳು, ಒಂದು ಟನ್ನಿನಷ್ಟು ತೂಕ. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಇವತ್ತು ಫೋನಿನಲ್ಲಿ ತೆಗೆದ ಒಂದೆರಡು ಫೋಟೋದಷ್ಟು. ಅಂಥ ದುಬಾರಿ ಜಾಗದಲ್ಲಿ ಒಂದೊಂದು ಅಕ್ಷರಕ್ಕೂ ಲೆಕ್ಕ. ಹಾಗಾಗಿ ಆಗಿನ ಪ್ರೋಗ್ರಾಮರ್‌ಗಳು ಇಸವಿ ಬರೆಯುವಾಗ 19 ಬಿಟ್ಟು ಬರೀ 56 ಅಂತ ಬರೆದರು. ಮುಂದೆ ಏನಾಯಿತು ಅಂತ ನಿಮಗೆ ಗೊತ್ತು. 2000 ಹತ್ತಿರ ಬಂದಾಗ ‘00’ ಅಂದರೆ 1900ಆ, 2000ಆ ಅಂತ ಕಂಪ್ಯೂಟರಿಗೆ ತಿಳಿಯದೆ ಹೋಗುವ ಭಯ ಹುಟ್ಟಿತು. ಆ ವೈಟುಕೆ ಕೋಡನ್ನು ತಿದ್ದಿಕೊಡುವ ಕೆಲಸ ಬೆಂಗಳೂರಿನ ಕಂಪನಿಗಳಿಗೆ ಹರಿದು ಬಂತು. ನಮ್ಮಂಥ ಹಳ್ಳಿ ಹುಡುಗರು ಬಿಇ ಮಾಡಿದರೆ ಕೆಲಸ ಸಿಗುತ್ತೆ ಅಂತ ಅಪ್ಪ ಅಮ್ಮ ನಂಬಿದ್ದಕ್ಕೆ ಅದೂ ಒಂದು ಕಾರಣ.

ಇದನ್ನು ಯಾಕೆ ಹೇಳಿದೆ ಅಂದರೆ, ‘ಎಲ್ಲಾ ಎಸೀರಿ, ಕಮ್ಮಿ ಇಟ್ಕೊಳ್ಳಿ’ ಅನ್ನೋದೇ ಜಾಣತನ ಅಂತ ಯಾರೂ ತಿಳೀಬಾರದು. ಎರಡು ಅಂಕಿ ಎಸೆದದ್ದೂ ಒಂದು ತೀರ್ಮಾನವೇ. ಅದರ ಬಿಲ್ಲು ಕಟ್ಟಿದ್ದು ನಲವತ್ತು ವರ್ಷ ಆದ ಮೇಲೆ ಬಂದ ಬೇರೆ ಜನ.

ಆಮೇಲೆ ಜಾಗ ಅಗ್ಗ ಆಗುತ್ತಾ ಹೋಯಿತು. 1981ರಲ್ಲಿ ಝೆರಾಕ್ಸ್ ಕಂಪನಿಯ ‘ಸ್ಟಾರ್’ ಕಂಪ್ಯೂಟರ್ ಬಂದಾಗ ಅದರ ಪರದೆಯ ಮೇಲೆ ಆಫೀಸಿನ ಮೇಜೇ ಇತ್ತು: ಕಾಗದ, ಫೋಲ್ಡರ್, ಬಂದ ಟಪಾಲಿನ ಬುಟ್ಟಿ, ಹೋಗುವ ಟಪಾಲಿನ ಬುಟ್ಟಿ. ಆಪಲ್ ಕಂಪನಿಯ ಲೀಸಾ (1983), ಮ್ಯಾಕಿಂಟಾಷ್ (1984) ಪರದೆಯ ಮೇಲೆ ಕಸದ ಬುಟ್ಟಿಯೂ ಕೂತಿತು. ವಿಂಡೋಸ್ 95 ಅದನ್ನು ‘ರೀಸೈಕಲ್ ಬಿನ್’ ಅಂತ ಕರೆಯಿತು. ಗಮನಿಸಿ: ಎಸೆದದ್ದು ಹೋಗಲ್ಲ, ಬುಟ್ಟಿಯಲ್ಲಿ ಕಾಯ್ತಾ ಇರುತ್ತೆ. ಒದ್ದೆ ಬಟ್ಟೆ ಹಿಡಿದವನ ಆ ಒಂದು ಕ್ಷಣ ಅಲ್ಲಿಗೇ ಅರ್ಧ ಸಡಿಲವಾಯಿತು.

ಪೂರ್ತಿ ಸಡಿಲವಾದದ್ದು 2004ರ ಏಪ್ರಿಲ್ 1ರಂದು. ಬೇರೆಯವರು 2 ಎಂಬಿ, 4 ಎಂಬಿ ಕೊಡುತ್ತಿದ್ದ ಕಾಲದಲ್ಲಿ ಗೂಗಲ್‌ನವರು ಜಿಮೇಲ್‌ನಲ್ಲಿ 1 ಜಿಬಿ ಉಚಿತ ಅಂದರು. ಏಪ್ರಿಲ್ ಫೂಲ್ ತಮಾಷೆ ಅಂದುಕೊಂಡವರೂ ಇದ್ದರು. ಅವರ ಪ್ರಚಾರದ ತಿರುಳೇ ಇದು: ಮೇಲ್ ಅಳಿಸೋ ಗೋಜಿಗೆ ಹೋಗಬೇಡಿ, ವಿಂಗಡಿಸೋದೂ ಬೇಡ, ಬೇಕಾದಾಗ ಹುಡುಕಿಕೊಳ್ಳಿ. ಅಲ್ಲಿಗೆ ಶಾನುಭೋಗನ ಪ್ರಶ್ನೆ ಸತ್ತೇ ಹೋಯಿತು. ನಾವೆಲ್ಲ ಆ ಮಾತಿಗೆ ಒಗ್ಗಿಕೊಂಡ ಮೇಲೆ ಜಾಗಕ್ಕೆ ಮತ್ತೆ ಬೆಲೆ ಬಂತು. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನ ಅಳತೆಯಿಲ್ಲದ ಉಚಿತ ಜಾಗ ನಿಂತಿತು. ಈಗ ತಿಂಗಳಿಗಿಷ್ಟು ಅಂತ ಬಾಡಿಗೆ ಕಟ್ತೀವಿ. ಯಾವುದಕ್ಕೆ? ಹೆಚ್ಚಿನದ್ದು, ತೀರ್ಮಾನ ಮಾಡದೆ ಬಿಟ್ಟದ್ದಕ್ಕೆ.

ಹುಡುಕಿದರೆ ಸಿಗುತ್ತಲ್ಲ, ತೊಂದರೆ ಏನು ಅಂತ ಕೇಳಬಹುದು. ಸಿಗುತ್ತೆ, ನಿಮಗೆ. ಯಾಕಂದರೆ ಯಾವ ಪದ ಹಾಕಿ ಹುಡುಕಬೇಕು ಅಂತ ನಿಮಗೆ ಗೊತ್ತು. ವೂಟನ್ ಮೇಜಿನ ಯಜಮಾನನಿಗೂ ಎಲ್ಲಾ ಸಿಗುತ್ತಿತ್ತು. ಇಲ್ಲಿ ಎಸ್. ಆರ್. ರಂಗನಾಥನ್ ನೆನಪಾಗುತ್ತಾರೆ. ಗಣಿತದ ಮೇಷ್ಟ್ರಾಗಿದ್ದು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. 1962ರಲ್ಲಿ ಬೆಂಗಳೂರಿನಲ್ಲೇ ದಾಖಲೆ ವಿಜ್ಞಾನದ ಸಂಶೋಧನಾ ಕೇಂದ್ರ ಶುರು ಮಾಡಿದರು. ಅವರ ನಾಲ್ಕನೇ ಸೂತ್ರ ಓದುಗನ ಸಮಯ ಉಳಿಸುವ ಬಗ್ಗೆ. ಜೋಡಿಸಿದವನ ಸಮಯ ಅಲ್ಲ, ಹುಡುಕಿಕೊಂಡು ಬರುವವನ ಸಮಯ. ಅಚ್ಚುಕಟ್ಟು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಅಳತೆಗೋಲು ನನಗೆ ಸಿಕ್ಕಿಲ್ಲ.

ನಮ್ಮ ತಾತ ಓದಿದ್ದು ನಾಲ್ಕನೇ ಕ್ಲಾಸು. ಅವರ ಟ್ರಂಕಿನಲ್ಲಿ ಹಳೆ ಪಂಚೆ ಹರಿದು ಕಟ್ಟಿದ ಮೂರು ಗಂಟುಗಳಿರುತ್ತಿದ್ದವು. ಕೇಳಿದರೆ ಹೇಳೋರು: “ಇದು ಜಮೀನು ಇರೋಗಂಟ, ಇದು ಸಾಲ ತೀರೋಗಂಟ, ಇದು ಯುಗಾದಿಗಂಟ.” ಮೂರನೇ ಗಂಟು ಪ್ರತಿ ಯುಗಾದಿಗೆ, ಎಣ್ಣೆ ನೀರಿನ ದಿನ, ಹಂಡೆ ಒಲೆಗೆ ಹೋಗೋದು. ಹಾಕೋ ಮುಂಚೆ ನಮ್ಮಪ್ಪನ ಕೈಲಿ ಒಂದೊಂದು ಚೀಟಿ ಓದಿಸೋರು. ತಾತ ತೀರಿಕೊಂಡು ಆರು ವರ್ಷ ಆದ ಮೇಲೆ ತೆಂಗಿನ ತೋಟದ ಬದುವಿನ ವಿಷಯಕ್ಕೆ ಪಕ್ಕದವರ ಜೊತೆ ತಕರಾರು ಬಂತು. ಹಳೆ ಸರ್ವೆ ನಕ್ಷೆ ಬೇಕು ಅಂದರು. ಅಪ್ಪ ಮೊದಲನೇ ಗಂಟು ಬಿಚ್ಚಿ ಹತ್ತು ನಿಮಿಷದಲ್ಲಿ ತೆಗೆದುಕೊಟ್ಟರು. ಹದಿನಾಲ್ಕು ಮರ ನಮ್ಮ ಕಡೆ ಉಳಿದವು. ತಾತ ಆ ನಕ್ಷೆಯನ್ನು ಅಪ್ಪನಿಗೆ ಯಾವತ್ತೂ ಬಿಡಿಸಿ ತೋರಿಸಿರಲಿಲ್ಲ. ಯಾವ ಗಂಟಿನಲ್ಲಿ ಇರಬೇಕು ಅನ್ನೋದು ಮಾತ್ರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇದಕ್ಕೆ ತದ್ವಿರುದ್ಧವಾದದ್ದು ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿತ್ತು. ಒಂದು ಸರ್ವರು. ಅದನ್ನು ಶುರು ಮಾಡಿದವರು ಕೆಲಸ ಬಿಟ್ಟು ಹೋಗಿದ್ದರು. ಅದರಲ್ಲಿ ಏನು ನಡೀತಿದೆ, ಯಾರಿಗೆ ಬೇಕು ಅಂತ ಯಾರಿಗೂ ಗೊತ್ತಿಲ್ಲ. ಆಫ್ ಮಾಡೋಕೆ ಧೈರ್ಯ ಇಲ್ಲ, ಬಾಡಿಗೆ ಮಾತ್ರ ತಿಂಗಳು ತಿಂಗಳು. ಐಟಿಯಲ್ಲಿರುವ ಯಾರನ್ನು ಕೇಳಿದರೂ ತಮ್ಮಲ್ಲೂ ಇಂಥದ್ದೊಂದಿದೆ ಅಂತಾರೆ.

ಇನ್ನೊಂದು ಮಾತು, ಸ್ವಲ್ಪ ಕಹಿಯಾದದ್ದು. ಎಲ್ಲಾ ಗೋಜಲೂ ಸೋಮಾರಿತನದಿಂದ ಆಗಿದ್ದಲ್ಲ. ಕೆಲವು ಗೋಜಲಿನಿಂದ ಲಾಭ ಇದೆ. ಕಾಗದ ಎಲ್ಲಿದೆ ಅಂತ ಒಬ್ಬನಿಗೇ ಗೊತ್ತಿದ್ದರೆ ಊರೆಲ್ಲ ಅವನ ಬಾಗಿಲಿಗೆ ಬರಬೇಕು. ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಮೈಸೂರು ರಾಜ್ಯ 1961ರ ಕಾಯ್ದೆಯಿಂದ ತೆಗೆದುಹಾಕಿತು. ಆಮೇಲೂ ಪಹಣಿ ಇದ್ದದ್ದು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲೇ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದ ಮೇಲೆ ತಾಲ್ಲೂಕಿನ ಕಿಟಕಿಯಲ್ಲಿ ಯಾರು ಬೇಕಾದರೂ ಕೇಳಿ ಪಡೆಯುವ ಹಾಗಾಯಿತು. ಹಳ್ಳಿಯವರಿಗೆ ಅದು ಬರೀ ತಂತ್ರಜ್ಞಾನ ಅಲ್ಲ, ಒಬ್ಬರ ಬಾಗಿಲು ಕಾಯೋದು ತಪ್ಪಿತು ಅನ್ನೋ ನೆಮ್ಮದಿ. ನಮ್ಮ ಆಫೀಸುಗಳಲ್ಲೂ ‘ಆ ಮಾಡ್ಯೂಲ್ ಅವನಿಗೊಬ್ಬನಿಗೇ ಗೊತ್ತು’ ಅಂತ ಹೆಮ್ಮೆಯಿಂದ ಹೇಳ್ತೀವಿ. ಅದು ಹೊಸ ಕಾಲದ ಶಾನುಭೋಗಿಕೆ.

ಹಾಗಾದರೆ ಏನು ಮಾಡೋದು? ಮನೆಯೆಲ್ಲ ಒಂದೇ ಭಾನುವಾರ ಖಾಲಿ ಮಾಡೋಕೆ ಹೋಗಬೇಡಿ. ತಾತನ ಮೂರು ಗಂಟು ಸಾಕು. ಲ್ಯಾಪ್‌ಟಾಪಿನಲ್ಲಿ ಮೂರು ಫೋಲ್ಡರ್, ಬೀರುವಿನಲ್ಲಿ ಮೂರು ಕವರು: ಯಾವಾಗಲೂ ಬೇಕಾದದ್ದು, ಒಂದು ಕೆಲಸ ಮುಗಿಯೋವರೆಗೆ ಬೇಕಾದದ್ದು, ಒಂದು ವರ್ಷದವರೆಗೆ ಇರಬಹುದಾದದ್ದು. ಕಾಗದ ಕೈಗೆ ಬಂದ ದಿನವೇ ಯಾವ ಗಂಟು ಅಂತ ಹೇಳಿಬಿಡಿ, ಆಮೇಲೆ ನೋಡೋಣ ಅನ್ನಬೇಡಿ. ಮೂರನೆಯದಕ್ಕೆ ಒಂದು ದಿನ ಗೊತ್ತು ಮಾಡಿ. ಯುಗಾದಿಯೇ ಆಗಲಿ, ಹುಟ್ಟಿದ ಹಬ್ಬವೇ ಆಗಲಿ, ಆ ದಿನ ಒಂದು ಸಲ ಓದಿ, ಬೇಡದ್ದನ್ನು ಕಳಿಸಿಬಿಡಿ. ಆಫೀಸಿನಲ್ಲಿ ಒಂದು ಫೈಲಿಗೆ ಹೆಸರು ಕೊಡುವಾಗ, ಮುಂದಿನ ತಿಂಗಳು ಸೇರುವ ಹುಡುಗಿ ಇದನ್ನು ಓದಿದರೆ ಅರ್ಥ ಆಗುತ್ತಾ ಅಂತ ಕೇಳಿಕೊಳ್ಳಿ.

ಇಷ್ಟಕ್ಕೂ ಪುರುಸೊತ್ತಿಲ್ಲ ಅಂದರೆ ಒಂದೇ ಕೆಲಸ ಮಾಡಿ. ಟರ್ಮ್ ಇನ್ಶೂರೆನ್ಸ್ ಪಾಲಿಸಿ, ಪಿಎಫ್ ಖಾತೆಯ ನಾಮಿನಿ, ಮನೆ ಸಾಲದ ಕಾಗದ, ಊರಿನ ಜಮೀನಿನ ಪಹಣಿ ಎಲ್ಲೆಲ್ಲಿವೆ ಅಂತ ಒಂದು ಹಾಳೆಯಲ್ಲಿ ಬರೆದು, ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ. ಹೆಂಡತಿಗೋ, ಗಂಡನಿಗೋ, ಊರಲ್ಲಿರುವ ತಮ್ಮನಿಗೋ. ನಿಮ್ಮ ಫೋನಿನ ಪಾಸ್‌ವರ್ಡ್ ಗೊತ್ತಿಲ್ಲದವರಿಗೂ ಆ ಹಾಳೆ ಸಿಗುವ ಹಾಗಿರಬೇಕು. ಅದು ಆಗಿದ್ದರೆ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಮೂರು ರೆಸ್ಯೂಮೆ ಇದ್ದರೂ ನಡೆಯುತ್ತೆ.